ಲೈನ್‌ಬ್ಯಾಕರ್‌ನ ಅಪ್ಪ

ಬದರಿನಾಥರಿಗೆ ಸಿಂಗಾಪುರದಲ್ಲಿ ಇಬ್ಬರು ಶತ್ರುಗಳಿದ್ದರು. ಒಬ್ಬಳು ಸೊಸೆ ಹಂಸಾ. ಬಿಶಾನಿನ ಅವರದೇ ಫ್ಲ್ಯಾಟಿನಲ್ಲಿ, ಅವರದೇ ಅಡುಗೆಮನೆಯಲ್ಲಿ ಕಾಫಿ ಬೆರೆಸಿಕೊಂಡು, ಅವರಿಗೂ ಒಂದು ಲೋಟ ಕೊಟ್ಟು, ಒಂದು ಮಾತೂ ಆಡದೆ ರಾಫೆಲ್ಸ್ ಪ್ಲೇಸಿನ ಬ್ಯಾಂಕಿಗೆ ಹೊರಟುಬಿಡುವವಳು. ಇನ್ನೊಬ್ಬ ಕನ್ನಡ ಬಳಗದ ಸುಭಾಷ್. ಅವನು ಹಂಸಾಳನ್ನು ನೆಟ್ಟಗೆ ಮಾತಾಡಿಸಿದವನೂ ಅಲ್ಲ. ಆದರೂ ಇವರಿಬ್ಬರೂ ತಮ್ಮ ಮಗ ಕುಶಾಲನ ಹೆಸರನ್ನು ಮಣ್ಣುಪಾಲು ಮಾಡಲು ಕಂಕಣ ಕಟ್ಟಿದ್ದಾರೆ ಎಂದು ಬದರಿನಾಥರು ನಂಬಿದ್ದರು. ನಂಬಿದ ಮೇಲೆ ಮುಗಿಯಿತು. ಅವರು ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೆಯದನ್ನು ನೀವು ಕೈಯಲ್ಲಿ ಹಿಡಿದು ತೋರಿಸಿದರೆ ಅದು ಬಾಲ ಎನ್ನುವ ಆಸಾಮಿ.

ಕುಶಾಲನ ಹೆಸರು ಅಷ್ಟೇನು ದೊಡ್ಡದು ಎಂದು ಕೇಳಬಹುದು. ಅವನು ಅಮೆರಿಕನ್ ಫುಟ್‌ಬಾಲ್ ಆಡಿದವನು. ಕಾಲಿನಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಹಲಗೆಯಂಥ ಪ್ಯಾಡು ಕಟ್ಟಿಕೊಂಡು, ಚೆಂಡು ಬಗಲಲ್ಲಿಟ್ಟು ನುಗ್ಗಿ ಬರುವವನನ್ನು ನೆಲಕ್ಕೆ ಕೆಡವುವ ಆಟ. ಅದರಲ್ಲೂ ಕುಶಾಲ್ ಚೆಂಡು ಹಿಡಿದು ಓಡುವವನಲ್ಲ, ಓಡುವವನನ್ನು ಕೆಡವುವವನು. ಡಿಫೆನ್ಸ್‌ನಲ್ಲಿ, ಅಂದರೆ ತಡೆಯುವವರಲ್ಲಿ, ಆ ಜಾಗಕ್ಕೆ ಲೈನ್‌ಬ್ಯಾಕರ್ ಎನ್ನುತ್ತಾರೆ. ಮುಂದಿನ ಸಾಲಿನ ಹಿಂದೆ ಬಗ್ಗಿ ನಿಂತು, ಎದುರಾಳಿಯ ಸೊಂಟ ಯಾವ ಕಡೆ ತಿರುಗುತ್ತದೆ ಎಂದು ನೋಡಿ, ಅವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಅಪ್ಪಳಿಸುವುದು ಅವನ ಕೆಲಸ. ಕೆಲಸದ ಸಲಕರಣೆಗಳು ಎರಡು: ಭುಜ ಮತ್ತು ತಲೆ.

ನಾಲ್ಕು ವರ್ಷದ ಮಗುವಾಗಿ ಬೆಂಗಳೂರಿನಿಂದ ಬಂದ ಕುಶಾಲ್ ಬಿಶಾನಿನ ಶಾಲೆಯಲ್ಲಿ ರಗ್ಬಿ ಆಡಿ ಬೆಳೆದ. ಅಲ್ಲಿನ ಎಲ್ಲ ಹುಡುಗರಂತೆ ಎರಡು ವರ್ಷ ಸೈನ್ಯದ ಕಡ್ಡಾಯ ಸೇವೆ ಮುಗಿಸಿದ. ಆಮೇಲೆ ಓದಲೆಂದು ಓಹಾಯೋದ ಒಂದು ಸಣ್ಣ ಕಾಲೇಜಿಗೆ ಹೋದವನು ಫುಟ್‌ಬಾಲ್ ತಂಡ ಸೇರಿದ. ಸುದ್ದಿ ಕೇಳಿದ ದಿನ ಬದರಿನಾಥರು ಊಟ ಬಿಟ್ಟರು. ಎಂಜಿನಿಯರಿಂಗ್ ಓದುವುದು ಬಿಟ್ಟು ಕುಸ್ತಿ ಆಡುವುದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತೇ ಎಂದು ಹೆಂಡತಿ ಭಾಗೀರಥಿಯ ಮೇಲೆ ಹಾರಾಡಿದರು. ಮುಂದಿನ ವರ್ಷ ಅಲ್ಲಿನ ಸ್ಥಳೀಯ ಪತ್ರಿಕೆಯಲ್ಲಿ ಮಗನ ಫೋಟೋ ಬಂತು. ಆರೂವರೆ ಅಡಿಯ ಒಬ್ಬ ದೈತ್ಯ ಅಂಗಾತ ಬಿದ್ದಿದ್ದಾನೆ, ಅವನ ಮೇಲೆ ಕುಶಾಲ್. ಅಲ್ಲಿಂದ ಬದರಿನಾಥರ ವರಸೆ ಬದಲಾಯಿತು. ಫೋಟೋಗೆ ಕಟ್ಟು ಹಾಕಿಸಿ ದೇವರ ಗೂಡಿನ ಎದುರು ಗೋಡೆಗೆ ನೇತುಹಾಕಿದರು. ಬೆಳಿಗ್ಗೆ ಪೂಜೆಗೆ ನಿಂತರೆ ಮುಂದೆ ವೆಂಕಟರಮಣ, ಹಿಂದೆ ಲೈನ್‌ಬ್ಯಾಕರ್.

ಕಾಲೇಜು ಮುಗಿದ ಮೇಲೆ ದೊಡ್ಡ ಲೀಗಿನ ಯಾವ ತಂಡವೂ ಕುಶಾಲನನ್ನು ಆರಿಸಲಿಲ್ಲ. ಒಂದು ತಂಡದವರು ಬೇಸಿಗೆಯ ಶಿಬಿರಕ್ಕೆ ಕರೆದು, ಬೆವರಿಳಿಸಿ, ಸೀಸನ್ ಶುರುವಾಗುವ ಮೊದಲೇ ಕೈಗೆ ಚೀಲ ಕೊಟ್ಟು ಕಳಿಸಿದರು. ಅಲ್ಲಿಂದ ಕೆನಡಾ, ಆಮೇಲೆ ಜರ್ಮನಿಯ ಸಣ್ಣ ಲೀಗು. ಜರ್ಮನಿಯಲ್ಲಿ ಮೈಸೂರಿನ ಹುಡುಗಿ, ಸಾಫ್ಟ್‌ವೇರಿನ ಹಂಸಾ ಸಿಕ್ಕಿದಳು. ಮದುವೆಯಾಯಿತು, ಮಹಿಮಾ ಹುಟ್ಟಿದಳು. ಇಷ್ಟೇ ಅವನ ವೃತ್ತಿ. ನಾಚಿಕೊಳ್ಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಬದರಿನಾಥರಿಗೆ ಇಷ್ಟು ಸಾಲಲಿಲ್ಲ. ಬಳಗದವರ ಮುಂದೆ ಬೇಸಿಗೆ ಶಿಬಿರ ‘ಒಂದು ಸೀಸನ್’ ಆಯಿತು. ಮುಂದಿನ ಯುಗಾದಿಯ ಹೊತ್ತಿಗೆ ‘ಎರಡು ಮೂರು ಸೀಸನ್’. ಗಣಪತಿ ಹಬ್ಬದ ಊಟದಲ್ಲಿ ಹೋಳಿಗೆ ಬಡಿಸಿಕೊಳ್ಳುತ್ತ ‘ಫೈನಲ್‌ನಲ್ಲಿ ಸ್ವಲ್ಪದರಲ್ಲಿ ತಪ್ಪಿತು’ ಎನ್ನುವವರೆಗೆ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು, ಸರಿ. ಇವರು ಹೆಗ್ಗಣಕ್ಕೆ ಅಂಬಾರಿ ಕಟ್ಟಿದರು.

ಜರ್ಮನಿಯ ಕೊನೆಯ ಪಂದ್ಯದಲ್ಲಿ ಕುಶಾಲ್ ಒಬ್ಬನನ್ನು ಕೆಡವಿ ಎದ್ದವನು ನೇರವಾಗಿ ಎದುರು ತಂಡದ ಬೆಂಚಿಗೆ ನಡೆದುಹೋಗಿ ಕೂತುಬಿಟ್ಟಿದ್ದ. ಅವರ ನೀರಿನ ಬಾಟಲಿ ಎತ್ತಿ ಕುಡಿದಿದ್ದ. ಆ ತಂಡದವರು ಮೊದಲು ನಕ್ಕರು, ಆಮೇಲೆ ಡಾಕ್ಟರನ್ನು ಕರೆದರು. ಅಲ್ಲಿಗೆ ಆಟ ಮುಗಿಯಿತು. ಇದನ್ನು ಬದರಿನಾಥರು ಬಳಗದಲ್ಲಿ ಹೇಳುತ್ತಿದ್ದುದು, ‘ನಮ್ಮ ಹುಡುಗನಿಗೆ ತಮಾಷೆ ಜಾಸ್ತಿ’ ಎಂದು.

ಸಿಂಗಾಪುರಕ್ಕೆ ಬಂದ ಮೇಲೆ ಕುಶಾಲ್ ಜಿಮ್ಮೊಂದರಲ್ಲಿ ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ. ಒಳ್ಳೆಯ ದಿನಗಳಲ್ಲಿ ಅವನಿಗೆ ಏನೂ ಆಗಿಲ್ಲ ಎನಿಸುತ್ತಿತ್ತು. ಕೆಟ್ಟ ದಿನಗಳಲ್ಲಿ ಕೋಣೆಯ ಪರದೆ ಎಳೆದುಕೊಂಡು ತಲೆ ಹಿಡಿದು ಕೂರುತ್ತಿದ್ದ, ಒಲೆ ಹಚ್ಚಿ ಮರೆಯುತ್ತಿದ್ದ, ಇಲ್ಲದ ಸಿಟ್ಟು ತೆಗೆದು ಬಾಗಿಲು ಬಡಿಯುತ್ತಿದ್ದ. ಒಂದು ದಿನ ಮಗಳನ್ನು ಶಾಲೆಯ ಬಸ್ಸಿನಿಂದ ಇಳಿಸಿಕೊಳ್ಳಲು ಹೋಗಿ, ಅವಳೆದುರೇ ನಿಂತು ಬಸ್ಸು ಬರುವುದನ್ನು ಕಾಯುತ್ತಿದ್ದನಂತೆ. “ತಾತಾ, ಪಪ್ಪ ನನ್ನ ನೋಡ್ತಾನೇ ಇದ್ರು, ಬಟ್ ನಾನು ಯಾರು ಅಂತ ಗೊತ್ತಾಗ್ಲಿಲ್ಲ ಲಾ,” ಎಂದು ಮಹಿಮಾ ಬಂದು ತನ್ನ ಸಿಂಗಾಪುರದ ಕನ್ನಡದಲ್ಲಿ ಹೇಳಿದಾಗ ಬದರಿನಾಥರು ಅವಳ ಕೈಗೆ ಚಾಕಲೇಟು ಕೊಟ್ಟು, “ಬಿಸಿಲಿಗೆ ಹಾಗಾಗುತ್ತೆ ಪುಟ್ಟಾ,” ಎಂದರು.

ಸೊಸೆಯ ಮೇಲಿನ ಹಗೆಗೆ ಕಾರಣ ಇದೇ. ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು ಅವಳು. ಗಂಟೆಗೊಮ್ಮೆ ಆಫೀಸಿನಿಂದ ಫೋನು ಮಾಡಿ ‘ಎಲ್ಲಿದೀಯ’ ಎಂದು ಕೇಳುವವಳು ಅವಳು. ಕಾರು ಓಡಿಸಬೇಡ, ಏಣಿ ಹತ್ತಬೇಡ, ಹುಡುಗರ ಜೊತೆ ರಗ್ಬಿಗೆ ಇಳಿಯಬೇಡ ಎನ್ನುವವಳೂ ಅವಳೇ. ದೈತ್ಯರನ್ನು ಕೆಡವಿದ ಗಂಡಸನ್ನು ಈ ಐದಡಿಯ ಹುಡುಗಿ ಹಸುವಿನ ಹಾಗೆ ಗೂಟಕ್ಕೆ ಕಟ್ಟಿಹಾಕಿದ್ದಾಳೆ ಎಂದು ಬದರಿನಾಥರ ಹೊಟ್ಟೆ ಉರಿಯುತ್ತಿತ್ತು. ಹಂಸಾಳಿಗೂ ಮಾವನ ಮೇಲೆ ಪ್ರೀತಿಯೇನೂ ಉಕ್ಕುತ್ತಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅವರು ಗೋಡೆಯ ಫೋಟೋ ತೋರಿಸಿ ಕಥೆ ಹೇಳುವಾಗ, ಅವಳು ಎದ್ದು ಹೋಗಿ ಬಚ್ಚಲಿನ ನಲ್ಲಿಯನ್ನು ಜೋರಾಗಿ ತಿರುಗಿಸುತ್ತಿದ್ದಳು.

ಇನ್ನು ಸುಭಾಷ್. ಅವನು ಮಾಡಿದ್ದು ಒಂದೇ ಕೆಲಸ, ಆದರೆ ಮಾಡಬಾರದ ಜಾಗದಲ್ಲಿ ಮಾಡಿದ. ಬಳಗದ ಸಭೆ ಮುಗಿಸಿ ಎಲ್ಲರೂ ಬಿಶಾನಿನ ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ಮುಂದೆ ಚಹಾ ಕುಡಿಯುತ್ತ ಕೂತಿದ್ದರು. ಬದರಿನಾಥರು ಫೈನಲ್ ಪಂದ್ಯದ ಕಥೆಯನ್ನು ಅರ್ಧ ಮುಗಿಸಿದ್ದರು.

“ಅಂಕಲ್, ಒಂದ್ನಿಮಿಷ,” ಎಂದ ಸುಭಾಷ್, ಫೋನು ಮುಂದೆ ಹಿಡಿದು. “ನಾನು ನೆಟ್ಟಲ್ಲಿ ಸರ್ಚ್ ಮಾಡ್ದೆ. ಕಾಲೇಜ್ ಇದೆ, ಕೆನಡಾ ಇದೆ, ಜರ್ಮನಿ ಇದೆ. ದೊಡ್ಡ ಲೀಗಲ್ಲಿ ಒಂದೇ ಒಂದು ಮ್ಯಾಚೂ ಕಾಣ್ತಿಲ್ವಲ್ಲ?”

“ಡಿಫೆನ್ಸ್‌ನವರದು ಎಲ್ಲ ಹಾಕಲ್ಲಪ್ಪ ಅದ್ರಲ್ಲಿ,” ಎಂದರು ಬದರಿನಾಥ್.

“ಬೇರೆ ಡಿಫೆನ್ಸ್‌ನವರದೆಲ್ಲ ಇದೆ ಅಂಕಲ್. ನಿಮ್ಮೋರೊಬ್ಬರದೇ ಇಲ್ಲ.”

ಯಾರೋ ಫಕ್ಕನೆ ನಕ್ಕರು. ಬಳಗದ ಅಧ್ಯಕ್ಷ ಶ್ರೀಕಂಠ ಮಾತು ತಿರುಗಿಸಲು ರಾಜ್ಯೋತ್ಸವದ ಊಟದ ವಿಷಯ ಎತ್ತಿದ. ಅದು ಇನ್ನೂ ಕೆಟ್ಟದಾಯಿತು, ಏಕೆಂದರೆ ಅಯ್ಯೋ ಪಾಪ ಎಂದು ಮಾತು ತಿರುಗಿಸಿದ್ದಾನೆ ಎಂದು ಎಲ್ಲರಿಗೂ ಗೊತ್ತಾಯಿತು. ಬದರಿನಾಥರು ಚಹಾ ಅರ್ಧಕ್ಕೆ ಬಿಟ್ಟು ಮನೆಗೆ ನಡೆದರು. ಅವತ್ತಿನಿಂದ ಅವರಿಗೆ ಜೀವನದಲ್ಲಿ ಒಂದೇ ಆಸೆ: ಆ ಸುಭಾಷ್ ಬಳಗದ ಎಲ್ಲರ ಕಣ್ಣೆದುರು ಅಂಗಾತ ಬೀಳಬೇಕು, ಕೆಡವಿದವನು ಕುಶಾಲ್ ಆಗಿರಬೇಕು.

ದಾರಿ ತಾನಾಗಿ ತೆರೆಯಿತು. ಟಿವಿಯಲ್ಲಿ ಕಬಡ್ಡಿ ಬಣ್ಣಬಣ್ಣದ ಆಟವಾದ ಮೇಲೆ ಬಳಗದ ಹುಡುಗರಿಗೂ ಅದರ ಹುಚ್ಚು ಹಿಡಿದಿತ್ತು. ಆ ವರ್ಷ, ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ, ರಾಜ್ಯೋತ್ಸವದ ಕ್ರೀಡಾದಿನಕ್ಕೆ ಸೆಂಬವಾಂಗಿನ ಒಂದು ಮೈದಾನ ಬಾಡಿಗೆಗೆ ಹಿಡಿದಿದ್ದರು. ಎರಡು ತಂಡಗಳ ಕಬಡ್ಡಿಯೇ ದಿನದ ಮುಖ್ಯ ಆಕರ್ಷಣೆ. ಎದುರು ಪಾಳೆಯಕ್ಕೆ ಉಸಿರು ಹಿಡಿದು ದಾಳಿ ಹೋಗುವುದರಲ್ಲಿ ಸುಭಾಷನನ್ನು ಮೀರಿಸುವವರಿರಲಿಲ್ಲ. ಬದರಿನಾಥರು ಶ್ರೀಕಂಠನನ್ನು ಒಬ್ಬನೇ ಸಿಕ್ಕಾಗ ಹಿಡಿದರು. ಅಂತರರಾಷ್ಟ್ರೀಯ ಆಟಗಾರ ನಮ್ಮ ಮಧ್ಯೆ ಇದ್ದಾನೆ, ಬಳಗ ಅವನಿಗೆ ಒಂದು ಸನ್ಮಾನವನ್ನಾದರೂ ಮಾಡಿದೆಯೇ ಎಂದು ಕೇಳಿದರು. ಶ್ರೀಕಂಠ ಒಪ್ಪಿದ. ಸನ್ಮಾನದ ಹಿಂದೆಯೇ ಕುಶಾಲನನ್ನು ಸುಭಾಷನ ಎದುರು ತಂಡದಲ್ಲಿ, ಹಿಡಿಯುವವರ ಸಾಲಿನಲ್ಲಿ, ನಿಲ್ಲಿಸಿದರೆ ಹೇಗೆ ಎಂದರು. ಶ್ರೀಕಂಠ ಕುಣಿದಾಡಿಬಿಟ್ಟ. “ನಮ್ಮನೇಲಿ ಹೇಳ್ಬೇಡ, ಸರ್ಪ್ರೈಸ್ ಇರ್ಲಿ,” ಎಂದರು ಬದರಿನಾಥ್.

ಹಂಸಾಳಿಗೆ ವಾಸನೆ ಬಡಿಯಿತು. ರಾತ್ರಿ ಊಟಕ್ಕೆ ಕೂತಾಗ ಅವಳು ಮಾವನ ತಟ್ಟೆಗೆ ಅನ್ನ ಬಡಿಸಿ, ಸೌಟು ಕೈಯಲ್ಲೇ ಹಿಡಿದು ನಿಂತಳು.

“ಸನ್ಮಾನ ಮಾಡಿಸ್ಕೊಳ್ಳಿ ಮಾವ, ಬೇಡ ಅನ್ನಲ್ಲ. ಆದ್ರೆ ಆಟ ಗೀಟ ಅಂತ ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ.”

“ಆಟ ಎಲ್ಲಿಂದ ಬಂತು? ಪೇಟ, ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಅದಕ್ಕೂ ನಿನ್ನ ಡಾಕ್ಟರ್ ಪರ್ಮಿಷನ್ ಬೇಕಾ?”

“ಡಾಕ್ಟರ್ ಹೇಳಿದಾಗ ನೀವೂ ಅದೇ ರೂಮಲ್ಲಿ ಕೂತಿದ್ರಿ. ತಲೆಗೆ ಇನ್ನೊಂದು ಪೆಟ್ಟು ಬಿದ್ರೆ ಈಗ ಎಷ್ಟು ಉಳಿದಿದೆಯೋ ಅಷ್ಟೂ ಉಳಿಯುತ್ತೆ ಅಂತ ಹೇಳಕ್ಕಾಗಲ್ಲ ಅಂದ್ರು. ಕೇಳಿಸ್ಕೊಂಡ್ರಿ ತಾನೆ?”

“ಡಾಕ್ಟರುಗಳು ಹಾಗೇ ಹೆದರ್ಸೋದು. ನಮ್ಮಪ್ಪನಿಗೂ ಆರು ತಿಂಗಳು ಅಂದಿದ್ರು. ಹೆದರ್ಸಿದ ಡಾಕ್ಟರೇ ಮೊದಲು ಹೋದ.”

“ನಿಮಗೆ ಮಗ ಬೇಕಾಗಿಲ್ಲ. ಆ ಗೋಡೆ ಮೇಲಿದಾನಲ್ಲ, ಅವನು ಬೇಕು ನಿಮಗೆ.”

“ನಿನಗೂ ಗಂಡ ಬೇಕಾಗಿಲ್ಲಮ್ಮ, ಪೇಷಂಟ್ ಬೇಕು. ಬಂದಾಗಿನಿಂದ ಅವನನ್ನ ಪೇಷಂಟ್ ಮಾಡೋದೇ ಆಯ್ತು ನಿನ್ನ ಕಸುಬು.”

ಹಂಸಾ ಸೌಟನ್ನು ಪಾತ್ರೆಗೆ ಎಸೆದಳು. ಭಾಗೀರಥಿ ಇಬ್ಬರ ಮುಖವನ್ನೂ ನೋಡದೆ, “ಸಾರು ಆರೋಗ್ತಿದೆ, ಮೊದಲು ಉಣ್ಣಿ. ಜಗಳಾನ ಆಮೇಲೆ ಬೇಕಾದ್ರೆ ಮತ್ತೆ ಬಿಸಿ ಮಾಡ್ಕೊಳಿ,” ಎಂದರು. ಆ ಮನೆಯಲ್ಲಿ ಅವರು ಯಾರ ಪಕ್ಷವೂ ಅಲ್ಲ. ಹಾಗಾಗಿ ಅವರ ಮಾತಿಗೆ ಬೆಲೆಯೂ ಇರಲಿಲ್ಲ.

ಕುಶಾಲ್ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅವನಿಗೆ ಎಲ್ಲ ಕೇಳಿಸಿತ್ತು. ಊಟವಾದ ಮೇಲೆ ಅಪ್ಪನ ಜೊತೆ ಕಟ್ಟಡದ ಬುಡದ ತೆರೆದ ಜಗಲಿಗೆ, ವಾಯ್ಡ್ ಡೆಕ್ಕಿಗೆ, ಇಳಿದುಬಂದು, ಕಲ್ಲಿನ ಬೆಂಚಿನ ಮೇಲೆ ಕೂತು, ಮೆಲ್ಲಗೆ ಹೇಳಿದ: “ಅಪ್ಪ, ಫೀಲ್ಡ್ ಮೇಲೆ ನಿಂತಾಗ ನಂಗೆ ಎಲ್ಲ ಕ್ಲಿಯರ್ ಆಗಿರ್ತಿತ್ತು. ಯಾರು ಎಲ್ಲಿದಾರೆ, ನಾನು ಎಲ್ಲಿಗೆ ಹೋಗ್ಬೇಕು, ಎಲ್ಲಾ. ಈಗ ಮನೇಲೇ ಕಳ್ದೋಗ್ತೀನಿ.”

ಬೇರೆ ಅಪ್ಪ ಆಗಿದ್ದರೆ ಆ ಮಾತಿಗೆ ಮಗನ ತಲೆ ಸವರುತ್ತಿದ್ದ. ಬದರಿನಾಥರು ಅದರಲ್ಲಿ ಒಪ್ಪಿಗೆಯನ್ನು ಕೇಳಿಸಿಕೊಂಡರು. “ಹಾಗಿದ್ರೆ ಫೀಲ್ಡ್‌ಗೇ ಇಳಿಯೋಣ ಬಿಡು,” ಎಂದು ಕಬಡ್ಡಿಯ ಗುಟ್ಟನ್ನು ಬಿಚ್ಚಿದರು. ಕುಶಾಲ್ ಬೇಡ ಎನ್ನಲಿಲ್ಲ. ತಲೆಗೇನಾದರೂ ಆದರೆ ಎಂದು ಮಾತ್ರ ಕೇಳಿದ. ಅಪ್ಪನ ಉತ್ತರ ಸಿದ್ಧವಿತ್ತು: “ಕಬಡ್ಡೀಲಿ ಹೆಲ್ಮೆಟ್ ಇದೆಯೇನೋ? ತಲೆಗೆ ಪೆಟ್ಟು ಬೀಳೋ ಆಟ ಆಗಿದ್ರೆ ನಮ್ಮ ಹಿರಿಯರು ಅಷ್ಟೂ ಯೋಚಿಸ್ತಿರ್ಲಿಲ್ವಾ? ಕಾಲು ಹಿಡ್ಕೋ, ಮಲಗಿಸು, ಮುಗೀತು.” ಪ್ರೋಗ್ರಾಮರ್ ಆಗಿ ನಲವತ್ತು ವರ್ಷ ಕಂಪ್ಯೂಟರಿಗೆ ತರ್ಕ ಕಲಿಸಿದ ಮನುಷ್ಯ ಹೀಗೆ ಮಾತಾಡಿದರು, ಮಗ ತಲೆಯಾಡಿಸಿದ.

ಕ್ರೀಡಾದಿನ ಹಂಸಾ, ಭಾಗೀರಥಿ, ಮಹಿಮಾ ಮೂವರೂ ಪುಳಿಯೋಗರೆಯ ಪಾತ್ರೆಗಳ ಸಮೇತ ಟ್ಯಾಕ್ಸಿಯಲ್ಲಿ ಹೊರಟರು. ಅಪ್ಪ ಮಗ ಎಂಆರ್‌ಟಿ ಹಿಡಿದರು. ಬಿಶಾನಿನಿಂದ ಸೆಂಬವಾಂಗಿಗೆ ಒಂದೇ ರೈಲು, ಕುಶಾಲ್ ಚಿಕ್ಕಂದಿನಿಂದ ಓಡಾಡಿದ ದಾರಿ. ಒಂದು ಸ್ಟೇಷನ್ ಮೊದಲೇ, ಯಿಷುನ್ ಬಂದಾಗ, ಅವನು ಎದ್ದು ಇಳಿಯಹೊರಟ. ಬದರಿನಾಥರು ಅಂಗಿ ಹಿಡಿದು ಎಳೆದು ಕೂರಿಸಿದರು. “ಇದು ಬಿಶಾನ್ ಅಲ್ವಾ? ಮನೆಗೆ ತಾನೆ ಹೋಗ್ತಿರೋದು?” ಎಂದ ಮಗ. ಅವರು ತೆರೆದ ಬಾಗಿಲನ್ನೊಮ್ಮೆ ನೋಡಿದರು. ಅಲ್ಲಿಗೇ ಇಳಿದು ಎದುರಿನ ರೈಲು ಹತ್ತಿದ್ದರೆ ಕಥೆ ಮುಗಿಯುತ್ತಿತ್ತು. ಬಾಗಿಲು ಮುಚ್ಚಿತು, ರೈಲು ಹೊರಟಿತು. ಮೈದಾನಕ್ಕೆ ಹೋದ ಮೇಲೂ ಬದರಿನಾಥರು ಅದನ್ನು ಯಾರಿಗೂ ಹೇಳಲಿಲ್ಲ.

ಸನ್ಮಾನ ಗಡದ್ದಾಗಿ ನಡೆಯಿತು. ಮೈಸೂರು ಪೇಟ ಕುಶಾಲನ ದೊಡ್ಡ ತಲೆಗೆ ಕೂರಲಿಲ್ಲ, ಶ್ರೀಕಂಠ ಅದನ್ನು ಒತ್ತಿ ಕೂರಿಸಿದ. ಶಾಲು, ಏಲಕ್ಕಿ ಹಾರ, ಹಣ್ಣಿನ ಬುಟ್ಟಿ. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಬದರಿನಾಥರು ಮೊದಲ ಸಾಲಿನಲ್ಲಿ ಕೂತು, ಹಿಂದಿನ ಸಾಲಿನ ಸುಭಾಷನ ಕಡೆ ತಿರುಗಿ ತಿರುಗಿ ನೋಡಿದರು. ಸುಭಾಷ್ ಆಗಲೇ ಚಡ್ಡಿ ಹಾಕಿಕೊಂಡು ಸಿದ್ಧನಾಗಿದ್ದ.

ಆಗ ಶ್ರೀಕಂಠ ಮೈಕು ಹಿಡಿದು, “ಇನ್ನೊಂದು ಸರ್ಪ್ರೈಸ್ ಇದೆ!” ಎಂದ. ಹಂಸಾ ಪುಳಿಯೋಗರೆ ಪಾತ್ರೆಯ ಹತ್ತಿರ ಇದ್ದವಳು ತಲೆ ಎತ್ತಿದಳು. “ನಮ್ಮ ಇಂಟರ್‌ನ್ಯಾಷನಲ್ ಡಿಫೆಂಡರ್ ಕುಶಾಲ್, ಇವತ್ತು ನಮಗೋಸ್ಕರ, ಕಬಡ್ಡಿ ಕೋರ್ಟಲ್ಲಿ!”

ಅವಳು ಓಡಿ ಬರಲಿಲ್ಲ. ನಡೆದೇ ಬಂದಳು, ಚಪ್ಪಲಿ ಕಾಲಲ್ಲೇ ಕಬಡ್ಡಿಗೆ ಹಾಸಿದ್ದ ನೀಲಿ ಮ್ಯಾಟಿನ ಮೇಲೆ ನಡೆದಳು, ಪೇಟ ತೆಗೆದು ಅಪ್ಪನ ಕೈಗೆ ಕೊಡುತ್ತಿದ್ದ ಗಂಡನ ಮುಂಗೈ ಹಿಡಿದಳು.

“ಬಾ ಕುಶಾಲ್, ಮನೆಗೆ ಹೋಗೋಣ.”

“ಐದೇ ನಿಮಿಷ ಹಂಸಾ.”

“ಒಂದ್ನಿಮಿಷಾನೂ ಇಲ್ಲ.” ಅವಳು ಮಾವನ ಕಡೆ ತಿರುಗಿದಳು. “ಏನಂದಿದ್ರಿ ನೀವು? ಹಾರ, ಹಣ್ಣು ಅಂದಿದ್ರಿ. ಅನ್ನದ ಮುಂದೆ ಕೂತ್ಕೊಂಡು ಸುಳ್ಳು ಹೇಳಿದ್ರಲ್ಲ, ನಿಮಗೆ ನಾಚ್ಕೆ ಆಗಲ್ವಾ?”

“ಎಲ್ಲರ ಮುಂದೆ ಕೂಗಾಡ್ಬೇಡ. ಅವನಿಗೆ ಆಡ್ಬೇಕು ಅನ್ಸಿದೆ, ಆಡ್ತಾನೆ. ಗಂಡಸು ಅವನು.”

“ಅವನ ತಲೆ ಒಡೆದ್ರೆ ನೋಡ್ಕೊಳ್ಳೋಳು ನಾನು. ನೀವು ಫೋಟೋ ನೋಡ್ಕೊಂಡಿರ್ತೀರಿ.”

ಇಷ್ಟರಲ್ಲಿ ಮೈಕಿನ ಶ್ರೀಕಂಠ, ಪಾಪ, ಎಲ್ಲ ಸರಿಮಾಡುವ ಉತ್ಸಾಹದಲ್ಲಿ ಬೆಂಕಿಗೆ ತುಪ್ಪ ಸುರಿದ. “ನೋಡಿ ನೋಡಿ, ಕುಶಾಲ್ ಅವರಿಗಿಂತ ಅವರ ಮಿಸೆಸ್ ಡಿಫೆನ್ಸೇ ಸ್ಟ್ರಾಂಗ್ ಇದೆ!” ಮೈದಾನ ಪೂರ್ತಿ ಘೊಳ್ ಎಂದು ನಕ್ಕಿತು. ಕುಶಾಲನ ಮುಖ ಕೆಂಪಾಯಿತು. ಅವನು ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

“ನೀನು ನನ್ನ ಹೆಂಡ್ತಿನಾ, ನರ್ಸಾ? ಬಿಡು ಕೈ. ಎಲ್ಲರ ಮುಂದೆ ನನ್ನ ಮಾನ ತೆಗೀಬೇಡ.”

ಹಂಸಾ ಕೈ ಬಿಟ್ಟಳು. ಮ್ಯಾಟಿನ ಅಂಚಿಗೆ ಬಂದು ನಿಂತಳು, ಆದರೆ ಕೂರಲಿಲ್ಲ. ಬದರಿನಾಥರಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷದಲ್ಲಿ ಮಗ ಅವಳಿಗೆ ಮೊದಲ ಸಲ ಎದುರು ಮಾತಾಡಿದ್ದ.

ಆಟ ಶುರುವಾಯಿತು. ಕುಶಾಲ್ ಹಿಡಿಯುವವರ ಸಾಲಿನ ಮಧ್ಯೆ ನಿಂತ. ಪಕ್ಕದ ಹುಡುಗ ಅವನ ಕೈಗೆ ಕೈ ಕೊಂಡಿ ಹಾಕಿ, ಸರಪಳಿ ಬಿಡಬಾರದು, ಪಾದ ಹಿಡಿಯಬೇಕು ಎಂದು ಹೇಳಿಕೊಟ್ಟ. ಕುಶಾಲ್ ಹೂಂ ಎಂದ. ಆದರೆ ಅವನ ಮೊಣಕಾಲು ಆಗಲೇ ಬಗ್ಗಿತ್ತು, ಬೆನ್ನು ನೇರವಾಗಿ ಚಪ್ಪಟೆಯಾಗಿತ್ತು, ಕಣ್ಣು ಎದುರು ಬರುವವನ ಸೊಂಟದಲ್ಲಿ ನೆಟ್ಟಿತ್ತು. ಬದರಿನಾಥರಿಗೆ ಗೋಡೆಯ ಫೋಟೋ ಕಣ್ಣೆದುರು ಬಂದಂತಾಯಿತು, ಕಣ್ಣಲ್ಲಿ ನೀರು ಬಂತು. ಇದನ್ನು ನಾನು ನಿಜವಾಗಿ ಒಮ್ಮೆಯೂ ನೋಡಿರಲಿಲ್ಲ ಎಂದುಕೊಂಡರು. ಅದು ನಿಜವೇ ಆಗಿತ್ತು. ಹತ್ತು ವರ್ಷ ಮಗನ ಆಟದ ಬಗ್ಗೆ ಮಾತಾಡಿದ ಮನುಷ್ಯ ಒಂದು ಪಂದ್ಯಕ್ಕೂ ಹೋಗಿರಲಿಲ್ಲ. ರಜೆ ಸಿಗಲಿಲ್ಲ ಎನ್ನುವುದು ಅವರ ಸಬೂಬು.

ಸುಭಾಷ್ ತೊಡೆ ತಟ್ಟಿ, ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಗೆರೆ ದಾಟಿ ಬಂದ. ಎಡಕ್ಕೆ ಸುಳಿದ, ಬಲಕ್ಕೆ ಸುಳಿದ, ಮೂಲೆಯಲ್ಲಿದ್ದ ಹುಡುಗನ ಭುಜ ಮುಟ್ಟಿ ತಿರುಗಿದ. ಹಿಂದಕ್ಕೆ ಜಿಗಿದು ಮಧ್ಯದ ಗೆರೆ ಮುಟ್ಟಿದರೆ ಅವನು ಗೆದ್ದ. ಜಿಗಿದ ಕೂಡ. ಆ ಗಳಿಗೆಯಲ್ಲಿ ಕುಶಾಲ್ ಪಕ್ಕದವನ ಕೈಯನ್ನು ಕಿತ್ತೆಸೆದ. ಕಬಡ್ಡಿ ಆಡುವವನು ಹಿಡಿಯುತ್ತಾನೆ, ಎಳೆಯುತ್ತಾನೆ, ಮೇಲೆ ಬಿದ್ದು ಒತ್ತುತ್ತಾನೆ. ಕುಶಾಲನ ಮೈಗೆ ಅದು ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದುದು ಒಂದೇ ವಿದ್ಯೆ. ತಲೆ ತಗ್ಗಿಸಿ, ಎರಡು ಹೆಜ್ಜೆ ನುಗ್ಗಿ, ಗಾಳಿಯಲ್ಲಿದ್ದವನಿಗೆ ಅಪ್ಪಳಿಸಿದ. ಹೆಲ್ಮೆಟ್ಟಿದೆ ಎಂದುಕೊಂಡವನ ಹಾಗೆ ಅಪ್ಪಳಿಸಿದ.

ಸುಭಾಷನ ಮೊಣಕಾಲು ಕುಶಾಲನ ಕಪಾಲಕ್ಕೆ ಬಡಿದ ಸದ್ದು ಮೊದಲ ಸಾಲಿಗೆ ಕೇಳಿಸಿತು. ಇಬ್ಬರೂ ಒಟ್ಟಿಗೆ ಬಿದ್ದರು. ಸುಭಾಷ್ ಅಂಗಾತ ಬಿದ್ದ, ಬಿದ್ದಲ್ಲೇ ಪಕ್ಕೆಲುಬು ಹಿಡಿದು ಉರುಳಾಡಿದ. ಆಮೇಲೆ ಕುಶಾಲ್ ಎದ್ದು ನಿಂತ, ಕೈ ಮೇಲೆತ್ತಿದ, ಶಿಳ್ಳೆ, ಕೇಕೆ, ಚಪ್ಪಾಳೆ ಮುಗಿಲು ಮುಟ್ಟಿದವು.

ಬದರಿನಾಥರು ಅರವತ್ತಮೂರರ ವಯಸ್ಸು ಮರೆತು ಮ್ಯಾಟಿನ ಮೇಲೆ ಓಡಿದರು. ಮಗನ ಹತ್ತಿರ ಅಲ್ಲ, ಮೊದಲು ಸುಭಾಷನ ಹತ್ತಿರ. ಬಗ್ಗಿ ಅವನ ಕಿವಿಯಲ್ಲಿ, “ಇದನ್ನ ಹಾಕ್ಕೊಳಪ್ಪ ನಿನ್ನ ನೆಟ್ಟಲ್ಲಿ,” ಎಂದರು. ಸುಭಾಷ್ ನೋವಿನಿಂದ ಮುಖ ಕಿವುಚಿ, “ಅಂಕಲ್, ಮೊದಲು ಅವರನ್ನ ನೋಡ್ರಿ, ತಲೆಗೆ ಜೋರಾಗಿ ಬಿತ್ತು,” ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಿದ್ದಾನೆ ಎಂದು ಬದರಿನಾಥರು ಗೆಲುವಿನ ನಗೆ ನಕ್ಕು ಎದ್ದರು. ಇನ್ನೊಬ್ಬ ಶತ್ರು ಬಾಕಿ ಇದ್ದಳು.

ಹಂಸಾ ಅಂಚಿನಲ್ಲೇ ನಿಂತಿದ್ದಳು. ಅವರು ಪೇಟವನ್ನು ಬಗಲಲ್ಲಿಟ್ಟುಕೊಂಡು ಅವಳೆದುರು ಹೋಗಿ ನಿಂತರು.

“ನೋಡಿದ್ಯಾ? ಏನಾಯ್ತು ಹೇಳು ಈಗ? ಎದ್ದು ಕಲ್ಲುಗುಂಡಿನ ಹಾಗೆ ನಿಂತಿದಾನೆ. ಡಾಕ್ಟರಂತೆ ಡಾಕ್ಟರು. ಇಷ್ಟು ವರ್ಷ ನನ್ನ ಮಗನ್ನ ಹೆದರಿಸಿ ಹೆದರಿಸಿ ಹೇಡಿ ಮಾಡಿಟ್ಟಿದ್ದೆ ನೀನು.”

ಅವಳ ಕಣ್ಣು ಅವರ ಮೇಲೆ ಇರಲೇ ಇಲ್ಲ. ಬದರಿನಾಥರು ತಿರುಗಿ ನೋಡಿದರು. ಕುಶಾಲ್ ಗುಂಪಿನಿಂದ ಬಿಡಿಸಿಕೊಂಡು ಇವರ ಕಡೆಗೇ ಬರುತ್ತಿದ್ದ. ಬೆನ್ನು ತಟ್ಟಿದವರಿಗೆಲ್ಲ ನಗುತ್ತಿದ್ದ. ಅಪ್ಪ ಎರಡೂ ಕೈ ಚಾಚಿದರು. ಅವನು ಒಂದು ಮಾರು ದೂರದಲ್ಲೇ ನಿಂತ, ಚಾಚಿದ ಕೈಗಳನ್ನು ನೋಡಿ ಏನು ಮಾಡಬೇಕೆಂದು ತಿಳಿಯದೆ ಸಂಕೋಚದಿಂದ ತಲೆ ಬಾಗಿಸಿದ.

“ಎಕ್ಸ್‌ಕ್ಯೂಸ್ ಮಿ ಅಂಕಲ್, ಇಲ್ಲಿ ಟಾಯ್ಲೆಟ್ ಯಾವ ಕಡೆ?”

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು ಬದರಿನಾಥರು. ನಗಲು ಬಾಯಿ ತೆರೆದರು. ಆಮೇಲೆ ಮಗನ ಕಣ್ಣು ನೋಡಿದರು. ಅದರಲ್ಲಿ ಕುಚೇಷ್ಟೆ ಇರಲಿಲ್ಲ, ಸಿಟ್ಟಿರಲಿಲ್ಲ, ಗುರುತೂ ಇರಲಿಲ್ಲ. ಅಪರಿಚಿತ ಹಿರಿಯರೊಬ್ಬರ ಹತ್ತಿರ ದಾರಿ ಕೇಳುವ, ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗನ ಮರ್ಯಾದೆ ಮಾತ್ರ ಇತ್ತು. “ಕುಶಾಲ್,” ಎಂದರು. ಅವನು ತನ್ನನ್ನೇ ಎಂದು ತಿಳಿಯದೆ ಹಿಂದೆ ತಿರುಗಿ ನೋಡಿದ.

ಹಂಸಾ ಆಗಲೇ ಫೋನು ಕಿವಿಗಿಟ್ಟು ಆಂಬುಲೆನ್ಸಿನವರಿಗೆ ಮೈದಾನದ ವಿಳಾಸ ಹೇಳುತ್ತಿದ್ದಳು. ಹೇಳಿ ಮುಗಿಸಿ ಮಾವನ ಕಡೆ ನೋಡಿದಳು. ಅವಳ ಕಣ್ಣಲ್ಲಿ ಒಂದು ಹನಿ ಕನಿಕರವೂ ಇರಲಿಲ್ಲ.

“ಕೇಳ್ತಿದಾನಲ್ಲ ಮಾವ, ಕರ್ಕೊಂಡ್ ಹೋಗಿ. ಬಿಸಿಲಲ್ಲಿ ನಿಲ್ಲಿಸ್ಬೇಡಿ. ಬೀಳದ ಹಾಗೆ ಹಿಡ್ಕೊಳಿ.”

ಬದರಿನಾಥರು ಮಗನ ತೋಳು ಹಿಡಿದು ನಡೆಸಿದರು. ಹಿಂದೆ ಶ್ರೀಕಂಠ ಇನ್ನೂ ಮೈಕಿನಲ್ಲಿ ಕುಶಾಲನ ಹೆಸರು ಕೂಗುತ್ತಿದ್ದ, ಜನ ಇನ್ನೂ ಕೇಕೆ ಹಾಕುತ್ತಿದ್ದರು. ಕುಶಾಲ್ ಆ ಗದ್ದಲದ ಕಡೆ ಒಮ್ಮೆ ತಿರುಗಿ ನೋಡಿ, ಜೊತೆಯಲ್ಲಿ ಬರುತ್ತಿದ್ದ ಮುದುಕರನ್ನು ಸುಮ್ಮನೆ ನಡೆಸಬಾರದೆಂದು ಮಾತು ತೆಗೆದ.

“ನೀವೂ ಮ್ಯಾಚ್ ನೋಡಕ್ಕೆ ಬಂದಿದೀರಾ ಅಂಕಲ್? ನಿಮ್ಮ ಮಗ ಆಡ್ತಾರಾ?”

“ಇಲ್ಲಪ್ಪಾ,” ಎಂದರು ಬದರಿನಾಥರು. “ನನ್ನ ಮಗ ಆಡಲ್ಲ.”